ಸಾಹೇಬರ ಮಾರಿಗೆ ತೆಗೆಯುವ ಬಾಗಿಲು

ಮೊದಲು ನಾಲಿಗೆಯನ್ನು ಎಡದವಡೆಗೆ ಒತ್ತಿ ಹಿಡಿಯಬೇಕು, ಅಲ್ಲಿ ತಂಬಾಕಿನ ಉಂಡೆ ಇದೆ ಅನ್ನೋ ಹಾಗೆ. ಕುತ್ತಿಗೆ ಸ್ವಲ್ಪ ಹಿಂದಕ್ಕೆ. ಕಣ್ಣು ಎದುರಿಗಿದ್ದವರ ಮೇಲೆ ಬೀಳಬಾರದು, ಅವರ ಹಿಂದಿನ ಗೋಡೆಯ ಮೇಲೆ ಬೀಳಬೇಕು, ಅಲ್ಲೊಂದು ಹಲ್ಲಿ ಕೂತಿದೆಯೇನೋ ಎಂಬಂತೆ. ಆಮೇಲೆ ಗಾಳಿಯನ್ನೆಲ್ಲ ಮೂಗಿನಿಂದ ಬಿಡುತ್ತ: "ಅಲ್ಲಾ... ನಿಂದು ಒಳಗೇನ್ ಕೆಲಸ?"

ಬಂತೇ? ಬಂದಿದ್ದರೆ ನಮ್ಮ ಪುರಸಭೆಯ ಮ್ಯಾನೇಜರ್ ಸಾಹೇಬರನ್ನು ನೀವು ಅರ್ಧ ನೋಡಿದಂತೆ. ಉಳಿದರ್ಧ ನಾನು ಬರೆಯುತ್ತೇನೆ. ಈ ವರ್ಷ ಅವರು ನಿವೃತ್ತರಾದರು. ಹೆಸರು ಹೇಳುವುದಿಲ್ಲ. ಊರಿನ ಹೆಸರೂ ಬೇಡ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇವುಗಳ ನಡುವೆ ಬಸ್ಸಿನಲ್ಲಿ ತೂಕಡಿಸಿದವರು ಕಣ್ಣು ಬಿಟ್ಟಾಗ ಕಾಣುವ ಯಾವುದೋ ಒಂದು ಊರು ಅಂದುಕೊಳ್ಳಿ. ನಿವೃತ್ತರಾದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅಂತ ನಮ್ಮ ಜವಾನ ಮೌಲಾಚಾಚಾ ಹೇಳಿದ. "ಹುಡುಕು ಬೇಟಾ, ಎಲ್ಲ್ಯರ ಒಂದು ಸಿಕ್ಕೇ ಸಿಗ್ತದ," ಅಂದ. ಹುಡುಕಿದೆ. ಒಂದು ಸಿಕ್ಕಿತು. ಮುಂದೆ ಬರುತ್ತದೆ, ಕಾಯಿರಿ. ಸಾಹೇಬರ ಹತ್ತಿರ ಹೋದವರೆಲ್ಲ ಕಾದಿದ್ದಾರೆ, ನಿಮಗೇನಾಗಿದೆ?

ನಾನು ಅಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಟೈಪಿಂಗಿಗಿಂತ ಮಂದಿಯ ದನಿ ತೆಗೆಯುವುದರಲ್ಲೇ ನನಗೆ ಹೆಸರು. ಅಧ್ಯಕ್ಷರು, ಕಸದ ಗಾಡಿಯ ಹಾಡು, ಕೆಟ್ಟುಹೋದ ಜೆರಾಕ್ಸ್ ಮಷಿನ್ನು, ಎಲ್ಲ ಮಾಡುತ್ತೇನೆ. ಪಗಾರ ಯಾವಾಗ ಅಂತ ಕೇಳುವಾಗಿನ ನನ್ನದೇ ದನಿಯನ್ನೂ ಮಾಡುತ್ತೇನೆ. ಹಾಲು ಕುಡಿಯಲು ಬಂದ ಬೆಕ್ಕಿನ ಮರಿಯಂತೆ ಇರುತ್ತದಂತೆ. ಸಾಹೇಬರು ನನ್ನನ್ನು "ಗಿಳಿ" ಅಂತ ಕರೆಯುತ್ತಿದ್ದರು. ಪ್ರೀತಿಯಿಂದಲ್ಲ. ನಮ್ಮವ್ವ ಅದೇ ಪುರಸಭೆಯಲ್ಲಿ ಪೌರಕಾರ್ಮಿಕಳು, ಬಜಾರದ ರಸ್ತೆ ಗುಡಿಸುತ್ತಾಳೆ. ಅವಳನ್ನು ಅವರು ಕರೆಯುತ್ತಲೇ ಇರಲಿಲ್ಲ. "ಏ, ಇಕಿ" ಅನ್ನುತ್ತಿದ್ದರು, ಅದೂ ಮೌಲಾಚಾಚಾನ ಕಡೆ ನೋಡಿ.

ಹಳೆಯ ಆಫೀಸಿನಲ್ಲಿ ಸಾಹೇಬರ ಕೋಣೆಗೆ ಒಂದು ದಪ್ಪ ಸಾಗವಾನಿ ಬಾಗಿಲು. ಅದನ್ನು ಅವರು ಸದಾ ಮುಚ್ಚಿಸಿಯೇ ಇಡುತ್ತಿದ್ದರು. ಹೊರಗೆ ಯಾರಾದರೂ ಕೆಮ್ಮಿದರೆ "ಯಾರದು?" ಅಂತ ಒಳಗಿನಿಂದ ಬರುವುದು. ನೀವು ಉತ್ತರ ಕೊಡಬೇಕು. ದನಿ ಕೇಳಿಯೇ ತೀರ್ಮಾನ: ಮೆಂಬರೋ, ಗುತ್ತಿಗೆದಾರನೋ, ಬಡವನೋ. ಬಡವನಾದರೆ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುವ ಸಪ್ಪಳವಷ್ಟೇ ಹೊರಗೆ ಕೇಳುತ್ತಿತ್ತು. ಗುಡಿಸುವ ಹೆಣ್ಣುಮಕ್ಕಳಿಗೆ ಏನಾದರೂ ಸಹಿ ಬೇಕಾದರೆ ಹಾಳೆಯನ್ನು ಮೇಜಿನ ತುದಿಗಿಟ್ಟು ಹಿಂದೆ ಸರಿಯಬೇಕು. ಆಮೇಲೆ ಸಾಹೇಬರು ಕಟ್ಟಿಗೆಯ ಸ್ಕೇಲಿನಿಂದ ಆ ಹಾಳೆಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಸ್ಕೇಲು ಅದಕ್ಕೇ ಇತ್ತು. ಅದರಿಂದ ಅವರು ಗೆರೆ ಎಳೆದದ್ದನ್ನು ನಾನು ನೋಡಿಲ್ಲ.

ಮೌಲಾಚಾಚಾನ ಸಮಾಧಾನಕ್ಕೆ ಈಗ ಆ ಒಂದು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಸಾಹೇಬರು ದುಡ್ಡು ತಿನ್ನುತ್ತಿರಲಿಲ್ಲ. ಒಂದು ಚಾ ಕೂಡ ಬೇರೆಯವರ ಕೈಯಿಂದ ಕುಡಿದವರಲ್ಲ. ಮಂದಿಯ ಹೊತ್ತು ತಿನ್ನುತ್ತಿದ್ದರು, ಅಷ್ಟೆ. ಲಂಚ ತಿನ್ನುವವನಿಗೆ ಹೊಟ್ಟೆ ತುಂಬುವುದಾದರೂ ಇದೆ.

ಒಮ್ಮೆ ಒಬ್ಬ ಮುದುಕ ಮೊಮ್ಮಗಳ ಜನನ ಪತ್ರಕ್ಕೆ ಬೆಳಗಿನಿಂದ ಬಾಗಿಲ ಮುಂದೆ ಕೂತಿದ್ದ. ನನಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಹೋಗಿ ಅಧ್ಯಕ್ಷರ ದಪ್ಪ ದನಿಯಲ್ಲಿ "ಏನ್ರೀ ಮ್ಯಾನೇಜರ್ ಸಾಹೇಬ್ರ, ಅದೀರೋ ಇಲ್ಲೋ?" ಅಂದೆ. ಒಳಗೆ ಕುರ್ಚಿ ಹಿಂದಕ್ಕೆ ಬಿತ್ತು. ಸಾಹೇಬರು ಓಡಿಬಂದು, ಬಾಗಿಲು ತೆಗೆದು, ಎರಡೂ ಕೈ ಜೋಡಿಸಿ ಸೊಂಟ ಬಗ್ಗಿಸಿದರು. ಎದುರಿಗೆ ಆ ಮುದುಕ. ಅವನೂ ಗಾಬರಿಯಾಗಿ ಕೈ ಜೋಡಿಸಿದ. ಇಬ್ಬರೂ ಬಗ್ಗಿಕೊಂಡು ಸ್ವಲ್ಪ ಹೊತ್ತು ನಿಂತರು. ಮುದುಕನ ಕೆಲಸ ಆ ದಿನವೇ ಆಯಿತು. ನನಗೆ ನೋಟಿಸ್ ಬಂತು. ಅವತ್ತಿನಿಂದ ಸಾಹೇಬರು ಎಲ್ಲರೆದುರು ಒಂದೇ ಮಾತು ಶುರು ಮಾಡಿದರು: "ಮನುಷ್ಯಾನ್ನ ನೆಚ್ಚಿ ಬಾಗ್ಲ ಇಡಬಾರದು. ಮಷಿನ್ ಬೇಕು."

ಅದಕ್ಕೆ ಸರಿಯಾಗಿ ಪುರಸಭೆಗೆ ಹೊಸ ಕಟ್ಟಡ ಎದ್ದಿತು. ಮುಖ್ಯಾಧಿಕಾರಿ ಮೇಡಮ್ಮು ಮೈಸೂರು ಕಡೆಯವರು, ಕೊಪ್ಪಳದಲ್ಲಿ ಮನೆ ಮಾಡಿಕೊಂಡು ದಿನಾ ಬಂದು ಹೋಗುವವರು. ಹೊಸ ಕಟ್ಟಡದ ಬಾಗಿಲಿಗೆ ಯಾವ ವ್ಯವಸ್ಥೆ, ಯಾರು ಎಷ್ಟು ಹೊತ್ತಿಗೆ ಒಳಗೆ ಬರಬೇಕು ಅನ್ನುವುದನ್ನೆಲ್ಲ ಅವರು ಸಾಹೇಬರಿಗೆ ಬಿಟ್ಟರು. ಸಾಹೇಬರು ಅವತ್ತು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು.

ಈ ಬಾಗಿಲಿನ ಮಾತು ಹಗುರಾದದ್ದಲ್ಲ. ಹಳೆಯ ಆಫೀಸಿನ ಹಿಂದೆ ಒಂದು ಹಿತ್ತಲಿತ್ತು. ಬೇವಿನ ಗಿಡ, ಒಂದು ನಳ, ಎರಡು ಸಂಡಾಸು. ಹಿತ್ತಲ ಗೇಟಿಗೆ ಬೀಗವೇ ಇರಲಿಲ್ಲ. ನಸುಕಿನಲ್ಲಿ ಮನೆ ಬಿಟ್ಟು ಬಂದ ನಮ್ಮವ್ವ, ಅವಳ ಗೆಳತಿ ಹುಲಿಗೆವ್ವ, ಉಳಿದ ಹೆಣ್ಣುಮಕ್ಕಳು ಊರು ಗುಡಿಸಿ ಅಲ್ಲಿಗೆ ಬರುತ್ತಿದ್ದರು. ಕೈಕಾಲು ತೊಳೆದು, ಸಂಡಾಸಿಗೆ ಹೋಗಿ, ಗಿಡದ ಕೆಳಗೆ ರೊಟ್ಟಿ ಬಿಚ್ಚುತ್ತಿದ್ದರು. ಬಜಾರದಲ್ಲಿ ಗಂಡಸರಿಗೆ ಗೋಡೆಗಳಿವೆ. ಹೆಂಗಸರಿಗೆ ಆ ಹಿತ್ತಲೊಂದೇ. ಹೊಸ ಕಟ್ಟಡಕ್ಕೆ ಹಿತ್ತಲಿಲ್ಲ. ಮುಂದೆ ಒಂದು ವರಾಂಡ, ಅಲ್ಲಿ ಜನ ನಿಂತು ಕೆಲಸ ಕೇಳುವ ಕಿಟಕಿಗಳು, ಆಮೇಲೆ ಒಂದು ಗಾಜಿನ ಬಾಗಿಲು. ನಳ, ಸಂಡಾಸು ಎಲ್ಲ ಗಾಜಿನ ಆ ಕಡೆ.

ಮೂರು ಕಂಪನಿಯವರು ಮಷಿನ್ ತೋರಿಸಲು ಹೊಸ ಕಟ್ಟಡಕ್ಕೆ ಬಂದರು. ಸಾಹೇಬರು ನನ್ನನ್ನು ಕರೆಸಿದರು. "ಈ ಗಿಳಿನ್ನ ಯಾವ ಮಷಿನ್ ತಡಿತೈತಿ, ಅದ ನಮ್ಮ ಮಷಿನ್," ಅಂದರು. ನನ್ನ ಜೀವನದಲ್ಲಿ ಸರಕಾರ ನನಗೆ ಕೊಟ್ಟ ಏಕೈಕ ಗೌರವ ಅದು.

ಮೊದಲನೆಯದು ಕಾರ್ಡಿನದು. ಕಾರ್ಡು ತೋರಿಸಿದರೆ ಬಾಗಿಲು ತೆಗೆಯುತ್ತದೆ. ಸಾಹೇಬರು ತಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟು, "ಈಗ ಹೊಕ್ಕೋ ನೋಡೂಣು," ಅಂದರು. ನಾನು ಮೆಲ್ಲಗೆ ಪಡಸಾಲೆಗೆ ಹೋಗಿ, ಮೂಗಿನಿಂದ "ಏ ಮೌಲಾ, ಕಾರ್ಡ್ ತಗೊಂಡ್ ಬಾರೋ," ಅಂದೆ. ಮೌಲಾಚಾಚಾ ಸಾಹೇಬರ ಮುಂದೆಯೇ ನಿಂತಿದ್ದ. ಆದರೂ ಆ ದನಿ ಕೇಳಿ ಕೇಳಿ ಅವನ ಕಾಲಿಗೆ ರೂಢಿಯಾಗಿಬಿಟ್ಟಿತ್ತು. ಕಾರ್ಡು ಎತ್ತಿಕೊಂಡು ಓಡಿಬಂದು ನನ್ನ ಕೈಗಿಟ್ಟ. ಕಾರ್ಡಿನವನು ತನ್ನ ಪೆಟ್ಟಿಗೆ ಮುಚ್ಚಿದ.

ಎರಡನೆಯದು ಬೆರಳಿನದು. ಅದಕ್ಕೆ ನಾನು ಬೇಕಾಗಲೇ ಇಲ್ಲ. ಸಾಹೇಬರು ಹೆಬ್ಬೆರಳು ಇಟ್ಟರು. ಮಷಿನ್ನೊಳಗಿನ ಹೆಣ್ಣುಮಗಳು "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ," ಅಂದಳು. ಒರೆಸಿ ಇಟ್ಟರು. "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ." ಊದಿ ಇಟ್ಟರು. ಮತ್ತೆ ಅದೇ. ನೌಕರಿಗೆ ಸೇರಿದಾಗಿನಿಂದ ಸುಣ್ಣ ಹಾಕಿ ತಂಬಾಕು ತಿಕ್ಕಿದ ಹೆಬ್ಬೆರಳು. ಗೆರೆಯೆಲ್ಲ ಸವೆದು ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು.

"ಬ್ಯಾರೆ ಬೆರಳು ಇಡ್ರಿ ಸರ್," ಅಂದ ಕಂಪನಿಯವನು.

"ಸರಕಾರಕ್ಕ ಹೆಬ್ಬಟ್ಟು ಕೊಡೂದು ಪದ್ಧತಿ. ಕಿರಿಬೆರಳು ಕೊಡ್ತಾರೇನಪಾ?"

ಮಂದಿಯನ್ನು "ನಾಳೆ ಬಾ" ಅಂತ ಜೀವನವಿಡೀ ಕಳಿಸಿದ ಮನುಷ್ಯನಿಗೆ ಒಂದು ಡಬ್ಬಿ "ಮತ್ತೊಮ್ಮೆ" ಅಂದದ್ದನ್ನು ಸಹಿಸಲಾಗಲಿಲ್ಲ. ಅದನ್ನೂ ಕಳಿಸಿದರು.

ಮೂರನೆಯದು ಹುಬ್ಬಳ್ಳಿಯ ಹುಡುಗ ತಂದದ್ದು, ಮಾರಿ ನೋಡಿ, ಅಂದರೆ ಮುಖದ ಗುರುತು ಹಿಡಿದು, ಬಾಗಿಲು ತೆಗೆಯುವ ಮಷಿನ್ನು. ಸಾಹೇಬರ ಮಾರಿ ಕಂಡಿತು, "ಟಿಕ್" ಅಂದಿತು, ಬಾಗಿಲು ತೆಗೆಯಿತು, "ಧನ್ಯವಾದಗಳು" ಅಂದಿತು. ನನ್ನ ಸರದಿ. ಅಧ್ಯಕ್ಷರ ದನಿ ತೆಗೆದೆ. ಮೇಡಮ್ಮಿನ ದನಿ ತೆಗೆದೆ. ಸಾಹೇಬರ ಹಾಗೆ ಎಡದವಡೆ ಉಬ್ಬಿಸಿ, ಕುತ್ತಿಗೆ ಹಿಂದಕ್ಕೆ ಹಾಕಿ, ಅವರೆದುರೇ ಅವರ ನಡಿಗೆ ನಡೆದುಹೋದೆ. ಮಷಿನ್ನು ಕಲ್ಲಿನ ಹಾಗೆ ಇತ್ತು. ಸಾಹೇಬರು ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅವತ್ತೊಂದೇ ದಿನ.

"ನೋಡು, ಇದಕ್ಕ ಕಣ್ಣಷ್ಟ ಅದಾವ, ಕಿವಿ ಇಲ್ಲ. ಆಫೀಸಿಗೆ ಇಂಥಾದ್ದ ಬೇಕು."

ಮಷಿನ್ನಿನಲ್ಲಿ ಯಾರ ಯಾರ ಮಾರಿ ತುಂಬಬೇಕು ಅಂತ ಹುಡುಗ ಕೇಳಿದ. ಸಿಬ್ಬಂದಿಯ ಮಾರಿಗೆ ಒಂಬತ್ತೂವರೆಯಿಂದ ಸಂಜೆಯವರೆಗೆ ಮಾತ್ರ ತೆಗೆಯಬೇಕು, ಉಳಿದ ಹೊತ್ತಿನಲ್ಲಿ ಮೇಡಮ್ಮು ಮತ್ತು ತಾವು, ಇಬ್ಬರಿಗೇ, ಗುಡಿಸುವವರ ಮಾರಿ ಬೇಡವೇ ಬೇಡ, ಅಂತ ಸಾಹೇಬರು ಹೇಳಿದರು. "ಹೊತ್ತಲ್ಲದ ಹೊತ್ತಿನಾಗ ಒಳಗ ಬರೋರೆಲ್ಲಾ ಕಳ್ಳರ," ಅಂತ ವಿವರಣೆ.

ಸುದ್ದಿ ಹಿತ್ತಲಿಗೆ ಮುಟ್ಟಿತು. ಅವ್ವ ಕೈ ತೊಳೆದು, ಸೆರಗು ಹೊದ್ದುಕೊಂಡು, ಸಾಹೇಬರ ಬಾಗಿಲಿಗೆ ಹೋದಳು. ನಾನು ಕಂಪ್ಯೂಟರಿನ ಹಿಂದಿನಿಂದ ಕೇಳುತ್ತಿದ್ದೆ.

"ಸಾಹೇಬ್ರ, ಹೊಸಾದ್ರಾಗ ನಾವು ಕೈಕಾಲು ಎಲ್ಲಿ ತೊಳ್ಕೋಬೇಕ್ರಿ? ಸಂಡಾಸಕ್ಕ ಎಲ್ಲಿ ಹೋಗಬೇಕ್ರಿ?"

"ಹೊರಗ ಏನರ ವ್ಯವಸ್ಥಾ ಮಾಡೂಣಂತ."

"ಹೊರಗ ಅಂದ್ರ ಎಲ್ರಿ? ಹೊರಗ ರಸ್ತಾ ಐತ್ರಿ."

ತಂಬಾಕು ತಿಕ್ಕುವ ಸಪ್ಪಳ. ಆಮೇಲೆ, "ಅಲ್ಲಾ... ನಿಮದು ಒಳಗೇನ್ ಕೆಲಸ?"

ಸಂಜೆ ಮನೆಯಲ್ಲಿ ಅದೇ ಮಾತನ್ನು ಅದೇ ಮೂಗಿನಲ್ಲಿ ಹೇಳಿ ತೋರಿಸಿದೆ. ಅಕ್ಕ, ಅಕ್ಕನ ಮಗ, ಓಣಿಯ ಮಂದಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. "ಹಾಂ, ಹಂಗ ಅಂದ್ರು. ಹಂಗ," ಅಂದು ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದಳು. ಆ ರೊಟ್ಟಿ ಮಾತ್ರ ಬಹಳ ತೆಳ್ಳಗಾಗಿತ್ತು.

ಹೊಸ ಕಟ್ಟಡಕ್ಕೆ ಹೋದೆವು. ಇಲ್ಲಿ ಸಾಹೇಬರ ಇನ್ನೊಂದು ಪದ್ಧತಿ ಹೇಳಬೇಕು. ಬೆಳಿಗ್ಗೆ ಆಫೀಸಿಗೆ ಬಂದ ತಕ್ಷಣ ದೇವರ ಫೋಟೋಕ್ಕೆ ಊದಿನಕಡ್ಡಿ ಬೆಳಗುತ್ತಿದ್ದರು. ಬೆಳಗಿದ ಮೇಲೆ ಸಂಜೆ ಬಾಗಿಲು ಹಾಕುವ ತನಕ ಯಾರೂ ಕಸಬರಿಗೆ ಮುಟ್ಟುವ ಹಾಗಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳಂತೆ. ಗುಡಿಸುವುದು, ಸಂಡಾಸು ತೊಳೆಯುವುದು ಎಲ್ಲ ಬೆಳಕು ಹರಿಯುವಾಗಲೇ ಆಗಬೇಕು. ಹಳೆಯ ಆಫೀಸಿನಲ್ಲಿ ಹಿತ್ತಲ ಗೇಟಿನಿಂದ ಬಂದು ಹುಲಿಗೆವ್ವ ಮತ್ತು ಅವ್ವ ಅದನ್ನು ಮಾಡಿ ಹೋಗುತ್ತಿದ್ದರು. ಸಾಹೇಬರು ಬರುವ ಹೊತ್ತಿಗೆ ಆಫೀಸು ಸ್ವಚ್ಛವಾಗಿರುತ್ತಿತ್ತು. ದಿನಾ ಸ್ವಚ್ಛವಾಗಿಯೇ ಇರುವುದನ್ನು ನೋಡಿ ನೋಡಿ, ಅದು ತಾನಾಗಿಯೇ ಸ್ವಚ್ಛವಾಗುತ್ತದೆ ಅಂತ ಅವರು ತಿಳಿದಿದ್ದರೋ ಏನೋ.

ಒಂದು ವಾರದೊಳಗೆ ಹೊಸ ಆಫೀಸು ನಾರತೊಡಗಿತು. ಚಾದ ಕಪ್ಪು, ಎಲೆ ಅಡಿಕೆ ಕಟ್ಟಿದ ಹಾಳೆ, ತಂಬಾಕಿನ ಖಾಲಿ ಪೊಟ್ಟಣ, ಸಂಡಾಸಿನ ಮಾತಂತೂ ಬೇಡ. ಸಾಹೇಬರು ಕೆಂಡವಾದರು. ಅವ್ವನನ್ನು ವರಾಂಡಕ್ಕೆ ಕರೆಸಿದರು.

"ಏನ್ಲೇ ಮೌಲಾ, ಇಕಿನ್ನ ಕೇಳು, ಯಾಕ ಗುಡಿಸಿಲ್ಲಂತ?"

ಮೌಲಾಚಾಚಾ ಕೇಳುವ ಮೊದಲೇ ಅವ್ವ ಹೇಳಿದಳು: "ನಾವು ಬಂದಾಗ ಬಾಗ್ಲ ಹಾಕಿರ್ತೈತ್ರಿ ಸಾಹೇಬ್ರ. ಕಸಬರಿಗಿ ತೋರಿಸಿದ್ರೂ ತೆಗಿಯಂಗಿಲ್ಲರಿ ಅದು."

ವರಾಂಡದಲ್ಲಿ ನಿಂತಿದ್ದ ಮಂದಿ ಕಿಸಕ್ಕನೆ ನಕ್ಕರು. ಸಾಹೇಬರು ಹುಬ್ಬಳ್ಳಿಗೆ ಫೋನು ಹಚ್ಚಿದರು. ಹೊತ್ತು ಬದಲಾಯಿಸಲು ತಾನೇ ಬರಬೇಕು, ಸದ್ಯ ಬಿಡುವಿಲ್ಲ ಅಂದ ಹುಡುಗ. ಕಟ್ಟಡದ ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಸಾಹೇಬರು ಮೇಡಮ್ಮಿನ ಹತ್ತಿರ ಹೋದರು. ಮೇಡಮ್ಮು ತಲೆಯೆತ್ತದೆ ಅಂದರು: "ಅಯ್ಯೋ, ನೀವೇ ಆರಿಸಿದ್ದಲ್ವಾ? ನೀವೇ ಬಂದು ನಿಂತ್ಕೊಳ್ಳಿ." ಆ ದನಿಯನ್ನು ನಾನು ಈಗಲೂ ದಿನಕ್ಕೊಮ್ಮೆ ಮಾಡುತ್ತೇನೆ, ಔಷಧಿ ಹಾಗೆ.

ಮರುದಿನದಿಂದ ಸಾಹೇಬರು ಆರು ಗಂಟೆಗೆ ಮಫ್ಲರ್ ಕಟ್ಟಿಕೊಂಡು ಬಾಗಿಲಿಗೆ ಹಾಜರು. ಮಾರಿ ಎತ್ತಿ ಕ್ಯಾಮೆರಾಕ್ಕೆ ಹಿಡಿಯುವುದು, ಟಿಕ್, ಒಳಗೆ ಬಿಡುವುದು, ಬಾಗಿಲು ತಾನಾಗಿ ಮತ್ತೆ ಮುಚ್ಚಿಕೊಳ್ಳುವುದು. ಅವ್ವ ಆಗ ಒಂದು ಮಾತು ಹೇಳಿದಳು: "ಕಟ್ಟಡ ದೊಡ್ಡದೈತ್ರಿ ಸಾಹೇಬ್ರ, ಇಬ್ಬರಿಂದ ನೀಗಂಗಿಲ್ರಿ. ಎಲ್ಲಾರೂ ಬರ್ತೀವಿ, ತಮ್ಮ ತಮ್ಮ ರಸ್ತಾ ಮುಗಿಸಿ, ಒಬ್ಬೊಬ್ಬರ." ಉದ್ಘಾಟನೆ ಹತ್ತಿರ ಬಂದಿತ್ತು, ಬೇಡ ಅನ್ನುವ ಹಾಗಿರಲಿಲ್ಲ. ಬಜಾರದವಳು ಬಂದಳು, ಟಿಕ್. ಬಸ್ ಸ್ಟ್ಯಾಂಡಿನವಳು ಬಂದಳು, ಟಿಕ್. ಸಂತೆಯ ಬಯಲಿನವಳು, ಟಿಕ್. ಒಳಗೆ ಬಂದವರು ಒಂದಿಷ್ಟು ಗುಡಿಸುವರು, ಸಂಡಾಸಿಗೆ ಹೋಗುವರು, ನಳದಲ್ಲಿ ಕೈಕಾಲು ತೊಳೆಯುವರು, ಫ್ಯಾನಿನ ಕೆಳಗೆ ಕೂತು ರೊಟ್ಟಿ ಬಿಚ್ಚುವರು. ಬಾಗಿಲು ಕಾಯುವವರು ಮಾತ್ರ ಹೊರಗೆ.

ಒಂದು ದಿನ ನಾನೂ ಬೇಗ ಹೋಗಿದ್ದೆ, ನೋಡಲೆಂದೇ. ಹುಲಿಗೆವ್ವ ಡಬ್ಬಿ ತೆಗೆದು ಗುರೆಳ್ಳ ಚಟ್ನಿ ಬಡಿಸುತ್ತಿದ್ದಳು. ವಾಸನೆ ಗಾಜಿನ ಬಾಗಿಲ ತನಕ ಬಂತು. ಸಾಹೇಬರ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಅವ್ವ ನೋಡಿದಳು. ಒಂದು ರೊಟ್ಟಿಯ ಮೇಲೆ ಚಟ್ನಿ ಹಾಕಿಕೊಂಡು ಬಾಗಿಲಿಗೆ ಬಂದು, "ತಗೋರಿ ಸಾಹೇಬ್ರ, ಹಸಿದೀರಿ," ಅಂದಳು. ಅವರ ಕೈ ಮಫ್ಲರಿನೊಳಗಿಂದ ಅರ್ಧ ಹೊರಗೆ ಬಂತು. ಆಮೇಲೆ ತಿರುಗಿ ಒಳಗೆ ಹೋಯಿತು. ಅವರು ಅವಳ ಹಿಂದಿನ ಗೋಡೆ ನೋಡಿದರು. ಗೋಡೆ ಹೊಸದು, ಅಲ್ಲಿ ಹಲ್ಲಿಯೂ ಇರಲಿಲ್ಲ. ಅವ್ವ ಆ ರೊಟ್ಟಿಯನ್ನು ತಾನೇ ತಿಂದಳು, ಅವರ ಮುಂದೆಯೇ, ನಿಧಾನಕ್ಕೆ. ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು ಅಂತ ಮೌಲಾಚಾಚಾ ಅನ್ನುತ್ತಾನೆ. ಬರಲಿಲ್ಲ. ಹಸಿವೆಗಿಂತ ದೊಡ್ಡದಾದ ಜಂಬವನ್ನು ಹೊತ್ತು ನಿಂತವನಿಗೆ ಭಾರ ಅವನದೇ.

ಉದ್ಘಾಟನೆ ಮುಗಿದ ಮೇಲೆ ಹುಬ್ಬಳ್ಳಿಯ ಹುಡುಗ ಬಂದ. ಈಗಲಾದರೂ ಎಲ್ಲ ಹೆಣ್ಣುಮಕ್ಕಳ ಮಾರಿ ತುಂಬಿಸಬಹುದು, ಅರ್ಧ ತಾಸಿನ ಕೆಲಸ ಅಂದ. ಸಾಹೇಬರು, "ಎರಡು ಸಾಕು. ಆಫೀಸ್ ಗುಡಿಸೋರು ಎಷ್ಟು ಬೇಕೋ ಅಷ್ಟ," ಅಂದರು. ಇಷ್ಟು ದಿನ ನಿಂತು ಅವರು ಕಲಿತದ್ದು ಅಷ್ಟು. ಹುಡುಗ ಅವ್ವನನ್ನು ಮಷಿನ್ ಮುಂದೆ ನಿಲ್ಲಿಸಿದ.

"ಅಮ್ಮಾ, ಸ್ವಲ್ಪ ಮಾರಿ ಮ್ಯಾಲೆತ್ರಿ."

ಅವ್ವ ಸೆರಗು ಎಳೆದು ಮಾರಿ ಮುಚ್ಚಿಕೊಂಡಳು. "ತುಂಬಿಸಿದ್ರ ಎಲ್ಲಾರ ಮಾರಿ ತುಂಬಿಸ್ರಿ. ಇಲ್ಲಂದ್ರ ನನ್ನದೂ ಬ್ಯಾಡ."

"ಏ, ನಿನ್ನದರ ತುಂಬಿಸ್ಕೋಬೇ," ಅಂದೆ ನಾನು. ಮಗನಲ್ಲವೇ, ಅವಳಿಗಾದರೂ ಅನುಕೂಲವಾಗಲಿ ಅನ್ನಿಸಿತ್ತು.

"ನೀ ಬಾಯಿ ಮುಚ್ಚಲೇ ಗಿಳಿ," ಅಂದಳು ಅವ್ವ, ಥೇಟು ಸಾಹೇಬರ ಮೂಗಿನಲ್ಲಿ. ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು, ಮತ್ತು ನಮ್ಮ ಮನೆಯಲ್ಲಿ ನಕಲು ಮಾಡುವವರು ಇನ್ನೊಬ್ಬರಿದ್ದಾರೆ ಅಂತ ನನಗೆ ಗೊತ್ತಾದದ್ದೂ ಅವತ್ತೇ.

ಹುಲಿಗೆವ್ವನೂ ಸೆರಗು ಎಳೆದಳು. ಸಂತೆ ಬಯಲಿನವಳೂ ಎಳೆದಳು. ಒಂದು ಮಾರಿಯೂ ಸಿಗದೆ ಹುಡುಗ ಬಸ್ಸು ಹತ್ತಿದ. ಎಲ್ಲರನ್ನೂ ತುಂಬಿಸಿ ಅಂತ ಒಂದು ಮಾತು ಅಂದಿದ್ದರೆ ಸಾಹೇಬರು ಮರುದಿನದಿಂದ ಬೆಚ್ಚಗೆ ಮಲಗಬಹುದಿತ್ತು. ಅನ್ನಲಿಲ್ಲ. ನಿವೃತ್ತಿಯ ದಿನದ ತನಕ, ಚಳಿಯಲ್ಲಿ, ಮಳೆಯಲ್ಲಿ, ಆರು ಗಂಟೆಗೆ ಬಂದು ಮಾರಿ ಕೊಟ್ಟರು. ಮಾತು ಮಾತ್ರ ಕೊಡಲಿಲ್ಲ.

ಬೀಳ್ಕೊಡುಗೆಯಲ್ಲಿ ಅಧ್ಯಕ್ಷರು, "ಸಾಹೇಬ್ರಂಥಾ ಸಮಯಪಾಲಕರನ್ನ ನೋಡಿಲ್ರಿ, ಬೆಳಿಗ್ಗೆ ಆರಕ್ಕ ಆಫೀಸ್!" ಅಂದರು. ಚಪ್ಪಾಳೆ. ಶಾಲು, ಹಣ್ಣು, ಮತ್ತು ಚೌಕಟ್ಟು ಹಾಕಿಸಿದ ಅವರದೇ ಒಂದು ದೊಡ್ಡ ಫೋಟೋ. ಶಾಲು ಹಣ್ಣು ಅವರು ತೆಗೆದುಕೊಂಡರು. ಫೋಟೋವನ್ನು ಮಾತ್ರ ಮೌಲಾಚಾಚಾನ ಕೈಗೆ ಕೊಟ್ಟು, "ವರಾಂಡದಾಗ ಹಾಕು, ಬಾಗ್ಲ ಬಾಜೂಕ. ಬರೋರು ಹೋಗೋರು ನೋಡ್ಲಿ," ಅಂದರು.

ಮರುದಿನ ಬೆಳಿಗ್ಗೆ ಬಾಗಿಲಿಗೆ ಮಾರಿ ಇಲ್ಲ. ಹೊಸ ಮ್ಯಾನೇಜರ್ ಬಂದಿರಲಿಲ್ಲ, ಇನ್ನೂ ಬಂದಿಲ್ಲ. ಮೇಡಮ್ಮು ಬರುವುದು ಹನ್ನೊಂದಕ್ಕೆ. ಹೆಣ್ಣುಮಕ್ಕಳೆಲ್ಲ ವರಾಂಡದಲ್ಲಿ ನಿಂತರು. ನಿಂತಲ್ಲಿ ಅವ್ವನ ಕೈ ಸುಮ್ಮನಿರುವುದಿಲ್ಲ. ಗೋಡೆಯ ಫೋಟೋದ ಮೇಲೆ ಮೊಳೆ ಹೊಡೆದಾಗಿನ ಧೂಳು ಕೂತಿತ್ತು. ಮೊಳೆಯಿಂದ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಲು ಗಾಜಿನ ಬಾಗಿಲ ಕಡೆ ತಿರುಗಿದಳು.

ಟಿಕ್.

"ಧನ್ಯವಾದಗಳು," ಅಂದಳು ಮಷಿನ್ನೊಳಗಿನ ಹೆಣ್ಣುಮಗಳು.

ಅವತ್ತಿನಿಂದ ಹೀಗೇ ನಡೆದಿದೆ. ಮೇಡಮ್ಮಿಗೆ ಗೊತ್ತಿದೆ. ಎಲ್ಲರ ಮಾರಿ ತುಂಬಿಸಲು ಮೇಲಿನಿಂದ ಆದೇಶ ಬರಬೇಕಂತೆ, ಅಲ್ಲಿಯ ತನಕ ತಾನೇನೂ ನೋಡಿಲ್ಲ ಅಂದಿದ್ದಾರೆ. ಸಾಹೇಬರು ಈಗ ಕುಷ್ಟಗಿಯಲ್ಲಿ ಇದ್ದಾರೆ, ಆರೋಗ್ಯವಾಗಿದ್ದಾರೆ. ಹೋದ ವಾರ ಫೋನು ಮಾಡಿದ್ದರು.

"ಏ ಗಿಳಿ, ನನ್ನ ಫೋಟೋ ಐತಿಲ್ಲೋ? ಯಾರರ ನೋಡ್ತಾರೋ ಇಲ್ಲೋ?"

"ನೋಡ್ತಾರ್ರಿ ಸಾಹೇಬ್ರ. ಅವ್ವ ದಿನಾ ಬೆಳಿಗ್ಗೆ ಕೈಯಾಗ ತಗೊಂಡು ಒರಸ್ತಾಳ್ರಿ."

"ಛಲೋ ಆತು," ಅಂದರು ಸಾಹೇಬರು. ಸ್ಕೇಲಿಲ್ಲದೆ ಅವಳ ಕೈ ತಮ್ಮನ್ನು ಮುಟ್ಟಿತು ಅಂತ ಅವರಿಗೆ ಹೊಳೆಯಿತೋ ಇಲ್ಲವೋ ಕಾಣೆ.

ಮೊನ್ನೆ ಆಯುಧಪೂಜೆ. ಕಂಪ್ಯೂಟರಿಗೆ, ಜೆರಾಕ್ಸಿಗೆ, ಕಸದ ಗಾಡಿಗೆ ಎಲ್ಲ ಹಾರ ಹಾಕಿದೆವು. ಒಂದು ಚೆಂಡುಹೂವಿನ ಹಾರ ಉಳಿಯಿತು. ಹುಲಿಗೆವ್ವ ಅದನ್ನು ಸಾಹೇಬರ ಫೋಟೋಕ್ಕೆ ಹಾಕಲು ಹೋದಳು. ಬದುಕಿದವರ ಫೋಟೋಕ್ಕೆ ಹಾರ ಹಾಕಬಾರದು ಅಂತ ಮೌಲಾಚಾಚಾ ಬಾಯಿ ತೆಗೆಯುವಷ್ಟರಲ್ಲಿ ಅವ್ವ ಅವಳ ಕೈ ಹಿಡಿದಳು.

"ಬ್ಯಾಡಬೇ ಹುಲಿಗೆವ್ವ, ಮಾರಿ ಮುಚ್ಚೀತು. ನಾಳಿ ಬಾಗ್ಲ ಯಾರು ತೆಗಿಬೇಕು?"